ತಟ್ಟೆ ಅಕ್ಕನ ಅಂಗಡಿಯಲ್ಲಿ ಇಸ್ತ್ರಿ ಮಾವನ ಹಾಡು

ಗಾನತಟ್ಟೆ, ಅಂದರೆ ಹಾಡಿನ ರೆಕಾರ್ಡು, ಮಾರುವ ಅವಳಿಗೆ ಬೀದಿಯವರೆಲ್ಲ ಇಟ್ಟ ಹೆಸರು ತಟ್ಟೆ ಅಕ್ಕ. ಆ ಹೆಸರು ನಂಬಿ ಊಟದ ತಟ್ಟೆ ಕೊಳ್ಳಲು ಬಂದವರೂ ಉಂಟು. ಅಂಥವರನ್ನೂ ಆಕೆ ಸುಮ್ಮನೆ ಕಳಿಸುತ್ತಿರಲಿಲ್ಲ. ಕೂರಿಸಿ ಒಂದು ಹಾಡು ಕೇಳಿಸಿಯೇ ಬಿಡುತ್ತಿದ್ದಳು.

ಅಂಗಡಿ ಅಪ್ಪ ಕಟ್ಟಿದ್ದು. ಬೀಗ ರಿಪೇರಿಯವನಿಗೂ ಇಸ್ತ್ರಿ ಅಂಗಡಿಗೂ ನಡುವೆ ಸಿಕ್ಕಿಕೊಂಡ ಉದ್ದನೆಯ ಕೋಣೆ, ಗೋಡೆಯ ತುಂಬ ಮರದ ಗೂಡುಗಳಲ್ಲಿ ಸಾಲಾಗಿ ನಿಂತ ರೆಕಾರ್ಡುಗಳು. ಹಾಡುಗಳೆಲ್ಲ ಜನರ ಜೇಬಿನ ಫೋನಿಗೆ ಬಂದು ಕೂತ ಕಾಲದಲ್ಲಿ ಅಪ್ಪ ತೀರಿಕೊಂಡರು, ಅವಳು ಅಂಗಡಿಗೆ ಕೂತಳು. ಇನ್ನು ಇದನ್ನು ಕೇಳುವವರು ಯಾರು, ಫೋನ್ ಕವರ್ ಮಾರು ಎಂದು ಅಣ್ಣ ಬಂದಾಗಲೆಲ್ಲ ಬುದ್ಧಿ ಹೇಳುತ್ತಿದ್ದ. ಅವಳು ಹೂಂಗುಟ್ಟುತ್ತಲೇ ರೆಕಾರ್ಡಿನ ಧೂಳು ಒರೆಸುತ್ತಿದ್ದಳು.

ಒಂದು ಮಧ್ಯಾಹ್ನ ಗಿರಾಕಿಯೊಬ್ಬ ರೆಕಾರ್ಡು ಕೇಳುತ್ತ ಕೂತಿದ್ದ. ಅದು ಮುಗಿದು ಸೂಜಿ ಎತ್ತಿದರೂ ಹಾಡು ಮಾತ್ರ ನಿಲ್ಲಲಿಲ್ಲ. ಈಗ ಬರ್ತಿರೋದನ್ನೇ ಕೊಡಿ ಎಂದ ಆತ. ಅವಳಿಗೆ ನಗು ತಡೆಯಲಾಗಲಿಲ್ಲ. ದನಿ ಗೋಡೆಯಾಚೆಯದು, ಬಟ್ಟೆ ಉಜ್ಜುವಾಗ ಸ್ವಂತ ಹಾಡು ಕಟ್ಟಿ ಹಾಡಿಕೊಳ್ಳುವುದು ಇಸ್ತ್ರಿ ಮಾವನ ಅಭ್ಯಾಸ. ಗಿರಾಕಿ ಹೋದ ಮೇಲೆ ಮಾತ್ರ ಅವಳಿಗೆ ಚುರುಕ್ಕೆಂದಿತು. ಎಲ್ಲೆಲ್ಲಿಯದೋ ದನಿ ತಂದು ಮಾರುವ ತನ್ನ ಅಂಗಡಿಯಲ್ಲಿ ಈ ಬೀದಿಯದು ಒಂದೂ ಇರಲಿಲ್ಲ.

ಭಾನುವಾರ ತನ್ನ ಅಂಗಡಿಗೆ ಬಂದು ಹಾಡಬೇಕೆಂದು ಹೋಗಿ ಕೇಳಿದಳು. ಮಾವ ಜಗ್ಗಲಿಲ್ಲ.

"ಕೈ ಖಾಲಿ ಇದ್ರೆ ನಂಗೆ ಗಂಟಲೇ ಏಳಲ್ಲ ಕಣಮ್ಮ."

"ಹಾಗಾದ್ರೆ ಮೇಜು, ಇಸ್ತ್ರಿ ಪೆಟ್ಟಿಗೆ ಎಲ್ಲ ನಮ್ಮಲ್ಲಿಗೇ ತನ್ನಿ ಮಾವ. ಬಟ್ಟೆ ನಾನು ಹೊಂದಿಸ್ತೀನಿ."

ಭಾನುವಾರ ಹಾಡು ಕೇಳಲು ಬಂದವರು ಒಬ್ಬೊಬ್ಬರೂ ಒಂದೊಂದು ಮುದುರಿದ ಅಂಗಿ ತಂದಿದ್ದರು. ಮಾವ ತಲೆ ಎತ್ತದೆ ಉಜ್ಜುತ್ತ ಹಾಡಿದ. ಪೆಟ್ಟಿಗೆ ಮೇಜಿಗೆ ಬಡಿಯುವ ಧಪ್ ಧಪ್ಪೇ ತಾಳವಾಯಿತು. ಬಾಗಿಲಲ್ಲಿ ಜಾಗ ಸಾಲದೆ ಜನ ಬೀದಿಯಲ್ಲಿ ನಿಂತರು. ಮುಂದಿನ ವಾರಗಳಲ್ಲಿ ಕೊಳಲು ಊದುವ ಬಸ್ ಡ್ರೈವರ್ ಬಂದ, ಬೇಕರಿಯ ಅಕ್ಕತಂಗಿಯರು ಜೊತೆಯಾಗಿ ಹಾಡಿದರು. ಭಾನುವಾರ ಬಂತೆಂದರೆ ಸಾಮಾನು ಸರಿಸಿ ಬೆಂಚು ಹಾಕುವ ಕೆಲಸಕ್ಕೆ ಬೀಗದವನೇ ಮೊದಲು ತೋಳು ಮಡಚುತ್ತಿದ್ದ.

ಹಾಡಿದವರೆಲ್ಲರ ಹಾಡುಗಳನ್ನು ಅವಳು ಅಲ್ಲೇ ಧ್ವನಿಮುದ್ರಣ ಮಾಡಿಸಿ ರೆಕಾರ್ಡು ಹೊರಡಿಸಿದಳು. ಸಣ್ಣ ರೆಕಾರ್ಡ್ ಅಂಗಡಿಯವರೆಲ್ಲ ಸೇರಿ ವರ್ಷಕ್ಕೊಮ್ಮೆ ಆಚರಿಸುವ ದಿನ ಅದನ್ನು ಮೊದಲ ಸಲ ತಿರುಗಿಸಿದಾಗ, ಮಾವ ಕೈಕಟ್ಟಿ ಕೊನೆಯವರೆಗೂ ಕೇಳಿದ. "ಪರವಾಗಿಲ್ಲ, ಹಾಡ್ತಾನೆ" ಎಂದು ಗಂಭೀರವಾಗಿ ತಲೆದೂಗಿದ. ಅಂಗಡಿಗೆ ಅಂಗಡಿಯೇ ನಕ್ಕಿತು.

ದೂರದ ಊರುಗಳ ಅಂಗಡಿಗಳಿಂದಲೂ ನಮಗೂ ಕಳಿಸಿ ಎಂದು ಕರೆ ಬಂದವು. ಆ ದಿನ ಅಣ್ಣನೂ ಬಂದಿದ್ದ. ಬುದ್ಧಿ ಹೇಳಲು ಈ ಸಲ ಅವನಿಗೆ ಪುರುಸೊತ್ತಿರಲಿಲ್ಲ. ಗಿರಾಕಿಗಳಿಗೆ ರೆಕಾರ್ಡು ಕಟ್ಟಿಕೊಡುತ್ತಿದ್ದ. ಈ ಅಂಗಡಿ ಯಾರದು ಎಂದು ಹೊಸಬರೊಬ್ಬರು ಕೇಳಿದರು.

"ನನ್ನ ತಂಗೀದು" ಎಂದ ಅಣ್ಣ, ಇಡೀ ಬೀದಿಗೆ ಕೇಳುವಂತೆ.

ಒಳಗೆ ಅವಳು ಎದೆಯುಬ್ಬಿಸಿಕೊಂಡೇ ರೆಕಾರ್ಡನ್ನು ಮಗುಚಿ, ಎರಡನೆಯ ಬದಿಯ ಮೇಲೆ ಸೂಜಿ ಇಳಿಸಿದಳು.