ಬೀಗ ಹಾಕಿದ ಗ್ರಂಥಾಲಯದ ಹದಿನೈದು ಓದುಗರು

ಊರಿನವರಿಗೆ ಓದಿನ ರುಚಿ ಹತ್ತಿಸಿ ಮೈಯನ್ನೂ ಗಟ್ಟಿ ಮಾಡಿಸುವ ಹೊಣೆ ಒಂದು ಕಾಲಕ್ಕೆ ನನ್ನ ಮೇಲಿತ್ತು. ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ. ಅಕ್ಷರ ದುಂಡಗಿತ್ತು, ಹೊಟ್ಟೆ ಅದಕ್ಕಿಂತ ದುಂಡಗಿತ್ತು. ಬಿಳಿಕೆರೆಯಿಂದ ಒಳಕ್ಕೆ ತಿರುಗಿದರೆ ನಮ್ಮೂರು. ತೊಂಬತ್ತರ ದಶಕದ ಕೊನೆಯಲ್ಲಿ ಅಲ್ಲಿನ ಪಂಚಾಯಿತಿ ಗ್ರಂಥಾಲಯ ನನ್ನ ವಶದಲ್ಲಿತ್ತು: ಒಂದು ಕೋಣೆ, ಎರಡು ಬೀರು, ಒಂದು ಬೆಂಚು, ಒಂದು ಬೀಗ. ಇವುಗಳಲ್ಲಿ ಹೆಚ್ಚು ಕೆಲಸ ಮಾಡಿದ್ದು ಬೀಗ.

ಒಂದು ವರ್ಷ ಮೇಲಿನಿಂದ ಕಾಗದ ಬಂತು. ಜನ ಬೆಳಗ್ಗೆ ಗ್ರಂಥಾಲಯದ ತನಕ ನಡೆದು ಬರಬೇಕು, ಅಂಗಳದಲ್ಲಿ ಕೈಕಾಲು ಆಡಿಸಬೇಕು, ಆಮೇಲೆ ಕೂತು ಓದಬೇಕು ಎಂದಿತ್ತು. ಜೊತೆಗೆ ಒಂದು ಸ್ಕಿಪ್ಪಿಂಗ್ ಹಗ್ಗ, ಆಸನಗಳ ಒಂದು ಚಿತ್ರಪಟ. ಹಗ್ಗ ನಮ್ಮ ಮನೆಯ ಕರುವಿಗೆ ಬಹಳ ಚೆನ್ನಾಗಿ ಹೊಂದಿತು. ಚಿತ್ರಪಟವನ್ನು ತಲೆಕೆಳಗಾಗಿ ಮೊಳೆಗೆ ಹಾಕಿದ್ದೆ. ಶೀರ್ಷಾಸನ ಹಾಕಿದ್ದವನು ನೆಟ್ಟಗೆ ನಿಂತಿದ್ದ. ಆ ಕೋಣೆಯಲ್ಲಿ ನೆಟ್ಟಗಿದ್ದವನು ಅವನೊಬ್ಬನೇ. ಗೋಡೆಯ ಮೇಲೆ ‘ನಡೆದು ಬನ್ನಿ, ಓದಿ ಹೋಗಿ’ ಎಂದು ನೀಲಿ ಬಣ್ಣದಲ್ಲಿ ನಾನೇ ಬರೆದೆ. ನನ್ನ ಮನೆಗೂ ಗ್ರಂಥಾಲಯಕ್ಕೂ ನಾಲ್ಕು ಮನೆಗಳ ಅಂತರ. ಸೈಕಲ್ಲಿನಲ್ಲಿ ಹೋಗುತ್ತಿದ್ದೆ.

ಆ ಗೋಡೆಬರಹವನ್ನು ನಂಬಿದವರು ಒಬ್ಬರೇ. ಪಕ್ಕದ ಕೊಪ್ಪಲಿನ ಒಕ್ಕಲು ಮನೆಯ ಹೆಂಗಸು, ವಯಸ್ಸು ನಲವತ್ತರ ಹತ್ತಿರ, ಏಳನೇ ಕ್ಲಾಸು ಓದಿದ್ದವರು. ಸಕ್ಕರೆ ಕಾಯಿಲೆ ಇತ್ತು. ದಿನಾ ಒಂದು ಗಂಟೆ ನಡೆಯದಿದ್ದರೆ ಕಾಲಿಗೇ ಕುತ್ತು ಬರುತ್ತದೆ ಎಂದು ಹುಣಸೂರಿನ ಡಾಕ್ಟರು ಹೆದರಿಸಿದ್ದರು. ನಡೆಯುವುದೇನು ಕಷ್ಟ ಎನ್ನುವವರಿಗೆ ನಮ್ಮ ಕಡೆಯ ಹಳ್ಳಿ ಗೊತ್ತಿಲ್ಲ. ಬರಿಗೈಯಲ್ಲಿ ಹೊರಟ ಹೆಂಗಸಿಗೆ ಪ್ರತಿ ಜಗಲಿಯಿಂದಲೂ ‘ಎಲ್ಲಿಗೆ?’ ಎಂಬ ಪ್ರಶ್ನೆ ಬೀಳುತ್ತದೆ. ಕಂಕುಳಲ್ಲಿ ಬುಟ್ಟಿಯೋ ಕೈಯಲ್ಲಿ ಕುಡುಗೋಲೋ ಇರಬೇಕು. ಸುಮ್ಮನೆ ನಡೆಯುವುದಕ್ಕೆ ನಮ್ಮಲ್ಲಿ ಹೆಸರೇ ಇಲ್ಲ. ಇದ್ದರೂ ಅದು ಒಳ್ಳೆಯ ಹೆಸರಲ್ಲ.

“ಸಾ, ಒಂದು ಬುಕ್ ಕೊಡಿ,” ಎಂದರು ಆಕೆ ಮೊದಲ ದಿನ. “ದಪ್ಪದ್ ಬ್ಯಾಡ, ತೆಳ್ಳಗಿರಾದ್ ಕೊಡಿ. ನಾಳೀಕೇ ವಾಪಸ್ ತರ್ಬೇಕು.”

“ಯಾಕಮ್ಮ ಅಷ್ಟು ಅವಸರ?”

“ನಡೀಬೇಕಲ್ಲ ಸಾ! ಕೈ ಬೀಸ್ಕಂಡ್ ಒಂಟ್ರೆ ನಮ್ಮತ್ತೆ, ‘ಗದ್ದೇಲಿ ಬಗ್ಗಾದು ಸಾಲ್ದಾ, ನೀನೇನ್ ತಾಸೀಲ್ದಾರ್ ಎಂಡ್ತಿಯಾ?’ ಅಂತದೆ. ಬುಕ್ಕಿದ್ರೆ ಕೆಲ್ಸ ಇದ್ದಂಗೆ.”

ಹೀಗೆ ಪುಸ್ತಕ ಆಕೆಗೆ ಬುಟ್ಟಿಯಾಯಿತು. ದಿನಾ ಬರುವರು, ಸಹಿ ಹಾಕುವರು, ಹಳೆಯದು ಕೊಟ್ಟು ಹೊಸದು ಒಯ್ಯುವರು. ಓದಿದ್ದನ್ನು ಅತ್ತೆಗೂ ಹೇಳತೊಡಗಿದರಂತೆ. ತಿಂಗಳಾಗುವಷ್ಟರಲ್ಲಿ ಆ ಅತ್ತೆಯೇ, “ಓಗವ್ವ ಬಿರ್‍ನೆ, ಇನ್ನೊಂದ್ ಕತೆ ತತ್ತಾ,” ಎಂದು ಅಟ್ಟುತ್ತಿದ್ದರಂತೆ. ಸರ್ಕಾರದ ಯೋಜನೆಯೊಂದು ಕಾಗದದ ಮೇಲಿದ್ದ ಹಾಗೆಯೇ ನಡೆಯುತ್ತಿತ್ತು. ಅದನ್ನು ಸರಿಪಡಿಸಲು ನಾನಿದ್ದೆ.

ಹೊಗೆಸೊಪ್ಪು ಬೇಯಿಸುವ ಕಾಲ ಬಂತು. ಸೊಪ್ಪು ಬೇಯಿಸುವ ಮನೆ, ಅಂದರೆ ಬ್ಯಾರನ್ನಿನ ಒಲೆಯ ಮುಂದೆ ಯಾರಾದರೂ ಕೂತಿರಲೇಬೇಕು. ಕೂತವರು ಇಸ್ಪೀಟು ಆಡಲೇಬೇಕು. ಗ್ರಂಥಾಲಯಕ್ಕೆ ಬೀಗ ಹಾಕಿ ನಾನೂ ಹೋಗಿ ಕೂತೆ. ಕರ್ತವ್ಯವನ್ನೇನೂ ಮರೆಯಲಿಲ್ಲ. ವಾರದ ಮೊದಲ ದಿನವೇ ರಿಜಿಸ್ಟರಿನಲ್ಲಿ ಇಡೀ ವಾರದ ಓದುಗರನ್ನು ತುಂಬಿಬಿಡುತ್ತಿದ್ದೆ, ದಿನಕ್ಕೆ ಹದಿನೈದು ಮಂದಿ. ಮುದುಕರ ಸಹಿಯನ್ನು ಎಡಗೈಯಲ್ಲಿ ಹಾಕುತ್ತಿದ್ದೆ, ಸಹಜವಾಗಿ ನಡುಗಲಿ ಎಂದು. ಯೋಜನೆಯಡಿ ನಾನು ಮಾಡಿದ ವ್ಯಾಯಾಮ ಅದೊಂದೇ.

ಅಂಥ ಮೊದಲ ವಾರವೇ ಎರಡು ದಿನ ಆಕೆ ಬಂದು, ಬೀಗ ನೋಡಿ, ನಾನು ಬಂದೇನೆಂದು ಮೆಟ್ಟಿಲ ಮೇಲೆ ಬಹಳ ಹೊತ್ತು ಕಾದು, ಅದೇ ಪುಸ್ತಕ ಹಿಡಿದು ತಡವಾಗಿ ಮನೆ ಸೇರಿದ್ದಾರೆ. ಮನೆಯಲ್ಲಿ ಮಾತು ಎದ್ದಿದೆ. ಮೂರನೆಯ ದಿನ ಅವರ ಭಾವ, ಗಂಡನ ಅಣ್ಣ, ಮನೆಯ ಯಜಮಾನ, ಆ ಪುಸ್ತಕವನ್ನು ಕೈಯಲ್ಲಿ ಹಿಡಿದು ನೇರವಾಗಿ ಗ್ರಂಥಾಲಯಕ್ಕೇ ಬಂದರು. ಅವತ್ತು ಬಾಗಿಲು ತೆಗೆದಿದ್ದೆ. ಆಕೆಯೂ ಹಿಂದೆಯೇ ಬಂದು ಬಾಗಿಲ ಹೊರಗೆ ನಿಂತರು. ಪಂಚಾಯಿತಿ ಮೆಂಬರು ಬೆಂಚಿನ ಮೇಲೆ ಪೇಪರು ಓದುತ್ತಿದ್ದರು.

“ಸಾ, ನಿನ್ನೆ ಮೊನ್ನೆ ಬೀಗ ಆಕಿತ್ತಾ?” ಎಂದರು ಭಾವ. “ಆಕಿತ್ತು ಅಂತ ಇವ್ಳು ಏಳ್ತಾವ್ಳೆ.”

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಮೆಂಬರು ಪೇಪರು ತಗ್ಗಿಸಿ ನನ್ನ ಮುಖ ನೋಡಿದರು. ನಾನು ಸುಳ್ಳು ಹೇಳಲಿಲ್ಲ. ಅಂಥ ಮನುಷ್ಯನಲ್ಲ ನಾನು. ಬಾಯಿ ಬಿಡದೆ ರಿಜಿಸ್ಟರನ್ನು ಭಾವನ ಮುಂದೆ ತಳ್ಳಿದೆ, ಅಷ್ಟೇ.

ಭಾವ ಬೆರಳಿಟ್ಟು ಒಂದೊಂದೇ ಹೆಸರು ಓದಿದರು. ಎರಡೂ ದಿನ ಹದಿನೈದು ಓದುಗರು. ಆಕೆಯ ಹೆಸರಿಲ್ಲ. ಆಕೆಯ ಸಹಿಯನ್ನು ಆಕೆಯೇ ಹಾಕುತ್ತಿದ್ದುದರಿಂದ ಬರೆಯುವ ಅಭ್ಯಾಸ ನನಗಿರಲಿಲ್ಲ. ಊರಿಗೆಲ್ಲ ಕಳ್ಳ ಸಹಿ ಹಾಕಿದ ಪುಣ್ಯಾತ್ಮ, ನಿಜವಾಗಿ ನಡೆದು ಬಂದವರೊಬ್ಬರನ್ನೇ ಬಿಟ್ಟಿದ್ದೆ.

“ಇಷ್ಟ್ ಜನಕ್ಕೆ ಕಂಡ ಬಾಗ್ಲು ನಿಂಗೊಬ್ಬಳಿಗೇ ಕಾಣ್ಲಿಲ್ವಾ? ಎಲ್ಲಿಗ್ ಓಗಿದ್ದೆ?”

“ಇಲ್ಲೇ ಮೆಟ್ಲ ಮ್ಯಾಲೆ ಕುಂತಿದ್ದೆ ಭಾವ,” ಎಂದು ಆಕೆ ನನ್ನ ಕಡೆ ತಿರುಗಿದರು. “ಸಾ, ನೀವಾದ್ರೂ ಏಳಿ.”

ನಾನು ಪೆನ್ನಿನ ಮುಚ್ಚಳ ಹುಡುಕುತ್ತಿದ್ದೆ. ಭಾವ ಪುಸ್ತಕವನ್ನು ಮೇಜಿನ ಮೇಲೆ ಇಟ್ಟರು. ಅದರ ನಡುವೆ ಗುರುತಿಗೆ ಒಂದು ಪೊರಕೆಕಡ್ಡಿ ಇತ್ತು. ಆಕೆ ಮತ್ತೆ ಬರಲಿಲ್ಲ.

ಆ ವರ್ಷ ತಾಲ್ಲೂಕಿನ ಸಭೆಯಲ್ಲಿ ನನ್ನ ರಿಜಿಸ್ಟರನ್ನು ಎತ್ತಿ ತೋರಿಸಿ ಹೊಗಳಿದರು. ನಾನು ಎದ್ದು ನಿಂತು ಕೈಮುಗಿದೆ.

ಏಳೆಂಟು ವರ್ಷ ಕಳೆದ ಮೇಲೆ ನನಗೂ ಸಕ್ಕರೆ ಬಂತು. ಡಾಕ್ಟರು ನನಗೂ ನಡೆಯಲು ಹೇಳಿದರು. ಮೊದಲ ದಿನ ಬರಿಗೈಯಲ್ಲಿ ಹೊರಟೆ. “ಎಲ್ಲಿಗ್ ಸಾ? ಸೈಕಲ್ ಪಂಚರ್ರಾ?” ಎಂದು ನಾಲ್ಕು ಜಗಲಿಯವರು ಕೇಳಿದರು. ನಾಚಿಕೆಯಾಗಿ ಹಿಂತಿರುಗಿದೆ. ಮಾರನೆಯ ದಿನ ಬೀರು ತೆಗೆದು ಪೊರಕೆಕಡ್ಡಿಯ ಆ ಪುಸ್ತಕ ಹುಡುಕಿ, ಕಂಕುಳಿಗೆ ಸಿಕ್ಕಿಸಿಕೊಂಡು ಕೊಪ್ಪಲಿಗೆ ನಡೆದೆ.

ಆಕೆ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಬಲಗಾಲಿನಲ್ಲಿ ಎರಡು ಬೆರಳಿರಲಿಲ್ಲ. ಭಾವ ಒಳಗಿನಿಂದ ಬಂದರು. ನಿಂತೇ ಹೇಳಿದೆ: “ಆ ಎರಡು ದಿನ ಬೀಗ ಹಾಕಿತ್ತು. ಇಸ್ಪೀಟು ಆಡ್ತಿದ್ದೆ. ರಿಜಿಸ್ಟರು ಪೂರಾ ಸುಳ್ಳು.”

“ಬೆಳ್ಳು ಕತ್ತರ್‍ಸಿದ್ ಮ್ಯಾಲೆ ಏಳಾಕ್ ಬಂದ್ರಾ?” ಎಂದರು ಭಾವ. ಆಮೇಲೆ ಆಕೆಯ ಕಡೆ ನೋಡಲಾರದೆ ಹಿತ್ತಲಿಗೆ ಹೋದರು. ಇಬ್ಬರು ಗಂಡಸರ ತಪ್ಪಿನ ಮುಂದೆ ಆಕೆಯೊಬ್ಬರೇ ಕೂತಿದ್ದರು.

“ಅತ್ತೆ ಸಾಯೋಗಂಟ ಆ ಕತೆ ಕೊನೆ ಕೇಳ್ತಿತ್ತು ಸಾ,” ಎಂದರು ಆಕೆ, ಅವರೆಕಾಯಿ ಸುಲಿಯುವುದನ್ನು ಬಿಡದೆ. “ಓದಿರ್ಲಿಲ್ವಲ್ಲ, ದಿನಕ್ಕೊಂದ್ ಕೊನೆ ಕಟ್ಟಿ ಏಳ್ದೆ. ನೀವ್ ರಿಜಿಸ್ಟ್ರು ತುಂಬ್ತಿದ್ರಲ್ಲ, ಅಂಗೆ.” ಕೈ ಒರೆಸಿಕೊಂಡು ಪುಸ್ತಕ ಈಸಿಕೊಂಡರು. ಕಡ್ಡಿ ಇದ್ದ ಪುಟ ತೆರೆದು ನೋಡಿ, “ನಾಳೀಕ್ ಬನ್ನಿ, ವಾಪಸ್ ಕೊಡ್ತೀನಿ. ದಪ್ಪದ್ ತರ್ಬೇಡಿ. ನಿಮ್ಗೂ ದಿನಾ ನಡೀಬೇಕಲ್ಲ,” ಎಂದರು. ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ.

ಅಂದಿನಿಂದ ಯೋಜನೆ ಜಾರಿಗೆ ಬಂತು ಎನ್ನಬಹುದು: ನಡೆಯುವವನು ನಾನು, ಓದುವವರು ಅವರು. ರಿಜಿಸ್ಟರಿನಲ್ಲಿ ದಿನಕ್ಕೆ ಎರಡೋ ಮೂರೋ ಸಹಿ. ಓದುಗರು ಇದ್ದಕ್ಕಿದ್ದಂತೆ ಕಡಿಮೆಯಾದದ್ದು ಹೇಗೆಂದು ಮೇಲಿನವರು ನನ್ನಿಂದ ಕಾರಣ ಕೇಳಿದರು.

ಭಾವ ಮಾತ್ರ ಪ್ರತಿ ಸಲ ಅದೇ ಪ್ರಶ್ನೆ ಕೇಳುತ್ತಿದ್ದರು: “ಏನ್ ಸಾ, ಬಾಗ್ಲು ತೆಗ್ದು ಬಂದ್ರಾ, ಬೀಗ ಆಕಿ ಬಂದ್ರಾ?”

“ಬೀಗ ಹಾಕಿ ಬಂದೆ,” ಎನ್ನುತ್ತಿದ್ದೆ. “ಹಾಕಿದೀನಿ ಅಂತ ರಿಜಿಸ್ಟರಲ್ಲಿ ಬರೆದೂ ಬಂದೆ.”