ಕೊರಗಪ್ಪ ಕೇಳಿದ ದಾರಿ

ಮುಂಬಯಿಯ ವೀಟಿ ಸ್ಟೇಷನ್ನಿನ ಹತ್ತಿರದ ಬೋರಾ ಬಜಾರಿನ ಹಳೆಯ ಬಿಲ್ಡಿಂಗೊಂದರ ಮೂರನೆಯ ಮಾಳಿಗೆಯಲ್ಲಿ ಧಾರವಾಡ ಕಡೆಯ ಆರು ಮಂದಿ ನೌಕರರು ಒಂದೇ ಖೋಲಿಯಲ್ಲಿ ಇದ್ದರು. ಅವರಲ್ಲಿ ನೀಲಕಂಠಪ್ಪ ಒಬ್ಬ. ಹಡಗಿನ ಸರಕು ಸಾಗಿಸುವ ಕಂಪನಿಯಲ್ಲಿ ಗುಮಾಸ್ತ. ಐವತ್ತಾರನೆಯ ಇಸವಿಯ ಜನವರಿಯ ಚಳಿಯಲ್ಲಿ ಅವನಿಗೆ ಉಬ್ಬಸ ಹೆಚ್ಚಾಯಿತು. ದಿನಾ ನಸುಕಿನಲ್ಲಿ ಒಂದು ತಾಸು ತಿರುಗಾಡಿ ಬಾ ಎಂದರು ಡಾಕ್ಟರು. ಎಲ್ಲಿಗೆ ತಿರುಗಾಡುವುದು? ಮುಂಬಯಿಗೆ ಬಂದು ನಾಲ್ಕು ವರ್ಷವಾಗಿದ್ದರೂ ಅವನು ಕಂಡದ್ದು ಖೋಲಿಯಿಂದ ಆಫೀಸಿಗೆ ಹೋಗುವ ರಸ್ತೆ ಒಂದನ್ನೇ.

ಮೊದಲ ದಿನ ಮೆಟ್ಟಿಲಿಳಿದು ಕೆಳಗೆ ಬಂದಾಗ, ಬಿಲ್ಡಿಂಗಿನ ಬುಡದಲ್ಲಿದ್ದ ಉಡುಪಿ ಹೋಟೆಲಿನ ಹಿಂಬಾಗಿಲಲ್ಲಿ ಕೊರಗಪ್ಪ ಕೈ ತೊಳೆಯುತ್ತ ನಿಂತಿದ್ದ. ಅರವತ್ತರ ಹತ್ತಿರದ ಮುದುಕ. ಮೊಣಕಾಲ ತನಕದ ಪಂಚೆ, ತೂತುಬಿದ್ದ ಬನಿಯನ್ನು. ಅರೆಯುವುದು ಅವನ ಕೆಲಸ. ಮೂರಕ್ಕೆ ಎದ್ದು ಚಟ್ನಿ, ಸಾಂಬಾರಿನ ಮಸಾಲೆ ಅರೆದಿಟ್ಟರೆ ಐದೂವರೆಯಿಂದ ಎಂಟರ ತನಕ ಅವನಿಗೆ ಬಿಡುವು. ಎಲ್ಲಿಗೆ ಹೊರಟದ್ದು ಎಂದು ಕೇಳಿದ. ಎಲ್ಲಿಗೋ ಗೊತ್ತಿಲ್ಲ ಎಂದ ನೀಲಕಂಠಪ್ಪ. ಕೊರಗಪ್ಪ ಪಂಚೆಗೆ ಕೈ ಒರೆಸಿಕೊಂಡು, ಹಾಗಾದರೆ ಬನ್ನಿ, ನಾನೂ ಬರುತ್ತೇನೆ ಎಂದು ಹೊರಟೇಬಿಟ್ಟ.

ಹೀಗೆ ಶುರುವಾದದ್ದು ಎರಡು ವರ್ಷ ನಡೆಯಿತು. ಕೊರಗಪ್ಪನಿಗೆ ಓದು ಬರಹ ಇರಲಿಲ್ಲ. ಆದರೆ ಹುಡುಗನಾಗಿದ್ದಾಗ ಫೋರ್ಟ್ ಎನ್ನುವ ಹಳೆಯ ಕೋಟೆ ಭಾಗದ ಆಫೀಸುಗಳಿಗೆಲ್ಲ ಕಾಫಿ ಹೊತ್ತವನು. ಪ್ರತಿ ಬಾಗಿಲಿನ ಕಾವಲುಗಾರನನ್ನೂ ಪ್ರತಿ ತೋಟದ ಮಾಲಿಯನ್ನೂ ಮಾತಾಡಿಸಿ, ಯಾವ ಕಲ್ಲು ಯಾವಾಗ ಬಂತು ಎಂದು ಕೇಳಿ ತಿಳಿದುಕೊಂಡಿದ್ದ. ಎಲ್ಫಿನ್‌ಸ್ಟನ್ ಸರ್ಕಲಿನ ದುಂಡು ತೋಟದಲ್ಲಿ ನಿಂತು, ಈ ಹುಲ್ಲಿರುವಲ್ಲಿ ಒಂದು ಕಾಲಕ್ಕೆ ಹತ್ತಿಯ ಮೂಟೆಗಳು ಬೆಟ್ಟದ ಹಾಗೆ ಬಿದ್ದಿರುತ್ತಿದ್ದವು ಎನ್ನುತ್ತಿದ್ದ. ಓವಲ್ ಮೈದಾನದ ಮಂಜಿನಲ್ಲಿ ರಾಜಾಬಾಯಿ ಗೋಪುರವನ್ನು ತೋರಿಸಿ, ಕಣ್ಣು ಕಾಣದ ತಾಯಿಗೆ ಹೊತ್ತು ತಿಳಿಯಲೆಂದು ಮಗ ಕಟ್ಟಿಸಿದ ಗಡಿಯಾರವಂತೆ ಎನ್ನುತ್ತಿದ್ದ. "ಚರ್ಚ್‌ಗೇಟಿನಲ್ಲಿ ಚರ್ಚೂ ಇಲ್ಲ, ಗೇಟೂ ಇಲ್ಲ. ಯಾಕೆ ಹೇಳಿ ಮಾರಾಯ್ರೆ?" ಎಂದು ಕೇಳಿ, ಒಳಗಿನ ಚರ್ಚಿಗೆ ಹೋಗುವ ಬಾಗಿಲಿದ್ದ, ಈಗ ಕೆಡವಿಹಾಕಿದ ಕೋಟೆಯ ಗೋಡೆ ಎಲ್ಲಿಂದೆಲ್ಲಿಗೆ ಇತ್ತೆಂದು ಕಾಲಿನಿಂದಲೇ ಅಳೆದು ತೋರಿಸುತ್ತಿದ್ದ. ಇಂಗ್ಲಿಷರ ಕೊನೆಯ ಪಡೆ ಗೇಟ್‌ವೇ ದಾಟಿ ಹಡಗು ಹತ್ತಿದ ದಿನ ಅವನು ಗುಂಪಿನಲ್ಲಿ ನಿಂತು ನೋಡಿದ್ದನಂತೆ. ನೀಲಕಂಠಪ್ಪ ಅವನನ್ನು ಕಾಕಾ ಎಂದು ಕರೆಯತೊಡಗಿದ. ಉಬ್ಬಸವೂ ಇಳಿಯಿತು.

ತಪ್ಪು ಬಹಳ ಸಣ್ಣದಾಗಿ ಹುಟ್ಟಿತು. ಒಂದು ದಿನ ಆಫೀಸಿನಲ್ಲಿ ಚರ್ಚ್‌ಗೇಟಿನ ಹೆಸರಿನ ಮಾತು ಬಂದಾಗ ನೀಲಕಂಠಪ್ಪ ಆ ಕಥೆ ಹೇಳಿದ. ದೊಡ್ಡ ಸಾಹೇಬರು ಕಿವಿಗೊಟ್ಟು ಕೇಳಿ, ಇದನ್ನೆಲ್ಲ ಎಲ್ಲಿ ಓದಿದೆ ಎಂದರು. ಅಲ್ಲಿ ಇಲ್ಲಿ ಓದಿದ್ದೇನೆ ಎಂದುಬಿಟ್ಟ. ಮುಂದೆ ಸಾಹೇಬರು ಅವನನ್ನು ಕರೆದು ಕರೆದು ಕೇಳತೊಡಗಿದರು. ಅವನೂ ಬೆಳಿಗ್ಗೆ ಕೇಳಿದ್ದನ್ನು ಮಧ್ಯಾಹ್ನ ಹೇಳತೊಡಗಿದ. ಮೂಲೆಯ ಮೇಜಿನಿಂದ ಅವನ ಕುರ್ಚಿ ಕಿಟಕಿಯ ಹತ್ತಿರಕ್ಕೆ ಬಂತು. ಕೊರಗಪ್ಪನಿಗೆ ಇದನ್ನು ಹೇಳಬೇಕೆಂದು ಎಷ್ಟೋ ಸಲ ಅಂದುಕೊಂಡ. ಹೇಳಲಿಲ್ಲ.

ಐವತ್ತೆಂಟರ ಫೆಬ್ರುವರಿಯಲ್ಲಿ ಕಲ್ಕತ್ತಾ ಆಫೀಸಿನಿಂದ ಇಬ್ಬರು ಅಧಿಕಾರಿಗಳು ಬಂದರು. ಬಿಸಿಲೇರುವ ಮೊದಲು ಅವರಿಗೆ ಕೋಟೆಯ ಭಾಗವನ್ನೆಲ್ಲ ನಡೆಸಿ ತೋರಿಸು, ನಾನೂ ಬರುತ್ತೇನೆ ಎಂದರು ಸಾಹೇಬರು. ಆ ದಿನ ನಸುಕಿಗೆ ನೀಲಕಂಠಪ್ಪ ಇಸ್ತ್ರಿ ಮಾಡಿದ ಕೋಟು ತೊಟ್ಟು, ಹಿಂಬಾಗಿಲ ಕಡೆಗೆ ಹೋಗದೆ ಮುಂದಿನ ಬೀದಿಯಿಂದಲೇ ಜಾರಿಕೊಂಡ.

ಎಲ್ಫಿನ್‌ಸ್ಟನ್ ಸರ್ಕಲಿನ ತೋಟಕ್ಕೆ ಎದುರಾದ ಟೌನ್ ಹಾಲಿನ ಮೆಟ್ಟಿಲ ಮುಂದೆ ನಿಂತು ಅವನು ಇಂಗ್ಲಿಷಿನಲ್ಲಿ ಹತ್ತಿಯ ಮೂಟೆಗಳ ಕಥೆ ಹೇಳುತ್ತಿದ್ದ. ಅತಿಥಿಗಳು ತಲೆದೂಗುತ್ತಿದ್ದರು. ಅಷ್ಟರಲ್ಲಿ ತೋಟದ ಕಬ್ಬಿಣದ ಗೇಟಿನಿಂದ ಕೊರಗಪ್ಪ ಬಂದ. ಅದೇ ಬನಿಯನ್ನು, ಮೊಣಕೈ ತನಕ ಅರಿಶಿನ ಮೆತ್ತಿದ ಕೈ. ಜೊತೆಗಾರ ಬರಲಿಲ್ಲವೆಂದು ಹುಡುಕಿಕೊಂಡೇ ಬಂದಿರಬೇಕು. ಕಂಡೊಡನೆ ಅವನ ಮುಖ ಅರಳಿತು. ನಾಲ್ಕು ಮಾರು ದೂರದಲ್ಲಿ ನಿಂತು ಆ ಕಥೆಯ ಎರಡು ಮಾತುಗಳನ್ನು ಅವನೂ ಕೇಳಿಸಿಕೊಂಡ. ಇಂಗ್ಲಿಷು ಅವನಿಗೆ ತಿಳಿಯದು. ಆದರೆ ನೀಲಕಂಠಪ್ಪನ ಕೈ ತೋರಿಸುತ್ತಿದ್ದ ಜಾಗ ತಿಳಿಯಿತು.

ಯಾರು ಈ ಮನುಷ್ಯ, ನಿನ್ನ ಪರಿಚಯದವನೇ ಎಂದು ಸಾಹೇಬರು ಕೇಳಿದರು.

"ಇಲ್ಲ ಸರ್," ಎಂದ ನೀಲಕಂಠಪ್ಪ. "ಯಾರೋ ಹೋಟೆಲಿನವನು. ದಾರಿ ಕೇಳಲು ಬಂದಿರಬೇಕು." ತಿರುಗಿ ನಿಂತು ಹಿಂದಿಯಲ್ಲಿ, ಏನು ಬೇಕು, ದಾರಿ ತಪ್ಪಿತೇ ಎಂದು ಕೇಳಿದ. ಎರಡು ವರ್ಷದಲ್ಲಿ ಅವರಿಬ್ಬರ ನಡುವೆ ಒಂದೇ ಒಂದು ಹಿಂದಿ ಮಾತು ಬಂದಿರಲಿಲ್ಲ.

ಕೊರಗಪ್ಪ ಅವನನ್ನೊಮ್ಮೆ ನೋಡಿದ, ಸಾಹೇಬರ ಬೂಟುಗಳನ್ನು ನೋಡಿದ. ಆಮೇಲೆ ಹಿಂದಿಯಲ್ಲೇ, ತಗ್ಗಿದ ದನಿಯಲ್ಲಿ, ವೀಟಿ ಸ್ಟೇಷನ್ನಿಗೆ ದಾರಿ ಯಾವುದು ಸಾಹೇಬ್ ಎಂದು ಕೇಳಿದ.

ನೀಲಕಂಠಪ್ಪ ಗಡಿಬಿಡಿಯಲ್ಲಿ ಕೈ ಎತ್ತಿ ತೋರಿಸಿದ. ತೋರಿಸಿದ ಮೇಲೆ ತಿಳಿಯಿತು, ಅದು ಗೇಟ್‌ವೇ ಇರುವ ಅಪೋಲೋ ಬಂದರಿನ ದಿಕ್ಕು. ವೀಟಿ ಇರುವುದು ಅದರ ವಿರುದ್ಧ ದಿಕ್ಕಿಗೆ. ಕೊರಗಪ್ಪ ಸಲಾಮು ಮಾಡಿದ. ತೋರಿಸಿದ ದಿಕ್ಕಿನಲ್ಲೇ ಹೊರಟ, ಹಿಂದಿರುಗಿ ನೋಡದೆ, ಮೂಲೆಯ ಕಟ್ಟಡ ಮರೆಮಾಡುವವರೆಗೂ ಹೋದ. ಬಾಯಲ್ಲಿದ್ದ ಕಥೆಯನ್ನು ಮುಂದುವರಿಸಲು ನೀಲಕಂಠಪ್ಪನಿಗೆ ಎಲ್ಲಿ ನಿಲ್ಲಿಸಿದ್ದೆನೆಂಬುದೇ ನೆನಪಾಗಲಿಲ್ಲ.

ಮರುದಿನ ಹಿಂಬಾಗಿಲು ಮುಚ್ಚಿತ್ತು. ಅದರ ಮರುದಿನವೂ. ನೀಲಕಂಠಪ್ಪ ಒಬ್ಬನೇ ನಡೆದ. ಹೋಟೆಲಿಗೆ ಕಾಫಿಗೆ ಹೋದರೆ, ಒಳಗೆ ಕಲ್ಲು ತಿರುಗುವ ಸದ್ದು ಕೇಳುತ್ತಿತ್ತು. ಕಾಫಿಯನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದ. ಕದ್ದದ್ದು ಒಂದು, ಕದ್ದವನನ್ನು ಕಾಪಾಡಲು ಕಳಕೊಂಡವನೇ ಸುಳ್ಳಾಡಿದ್ದು ಇನ್ನೊಂದು. ಎರಡನೆಯದು ಅವನನ್ನು ಹೆಚ್ಚು ಸುಡುತ್ತಿತ್ತು. ಖೋಲಿಯ ಗೆಳೆಯರು ಮೈ ಸರಿಯಿಲ್ಲವೇ ಎಂದು ಕೇಳಿದರೆ, ಉಬ್ಬಸ ತಿರುಗಿ ಬಂದಿದೆ ಎನ್ನುತ್ತಿದ್ದ. ಅದೂ ಸುಳ್ಳೇ.

ಮೂರು ವಾರ ತಾಳಿ, ಮೊದಲು ಸಾಹೇಬರ ಬಳಿಗೇ ಹೋದ. ತಾನು ಹೇಳಿದ ಕಥೆಗಳಲ್ಲಿ ಒಂದೂ ತನ್ನದಲ್ಲ, ಆ ದಿನ ದಾರಿ ಕೇಳಿದ ಮುದುಕನದೆಂದು ಒಪ್ಪಿಕೊಂಡ. ಬೈದರೆ ಹಗುರವಾದೀತೆಂದುಕೊಂಡಿದ್ದ. ಸಾಹೇಬರು ನಕ್ಕರು. ಅದಕ್ಕೇನಂತೆ, ಚೆನ್ನಾಗಿ ಹೇಳಿದವನು ನೀನು ತಾನೇ, ಮುಂದಿನ ಸಲ ಅವನನ್ನೂ ಕರೆದುಕೊಂಡು ಬಾ, ಏನಾದರೂ ಕೊಡೋಣ ಎಂದರು. ಇನ್ನು ಮುಂದೆ ಆ ಕೆಲಸ ತನ್ನಿಂದ ಆಗದೆಂದು ನೀಲಕಂಠಪ್ಪ ಕೈಮುಗಿದ. ಆಗ ಸಾಹೇಬರ ನಗು ನಿಂತಿತು. ಆ ತಿಂಗಳೊಳಗೆ ಅವನ ಕುರ್ಚಿ ಮತ್ತೆ ಮೂಲೆಗೆ ಹೋಯಿತು.

ಸಾಹೇಬರಿಗೆ ಹೇಳಿದ ದಿನದ ಸಂಜೆಯೇ ಅವನು ಹೋಟೆಲಿನ ಅರೆಯುವ ಕೋಣೆಗೆ ಹೋದ. ಎರಡು ವರ್ಷದಲ್ಲಿ ಅಲ್ಲಿಗೆ ಕಾಲಿಟ್ಟದ್ದು ಅದೇ ಮೊದಲು. ಕಿಟಕಿಯಿಲ್ಲದ ಕೋಣೆ, ನಡುವೆ ಒರಳು. ಅಕ್ಕಿಮೂಟೆಗಳ ಸಂದಿನಲ್ಲಿ ಸುತ್ತಿಟ್ಟ ಒಂದು ಚಾಪೆ, ಒಂದು ತಗಡಿನ ಪೆಟ್ಟಿಗೆ. ಕೊರಗಪ್ಪ ಉದ್ದು ಅರೆಯುತ್ತಿದ್ದ.

"ಕಾಕಾ, ನನ್ನಿಂದ ಭಾಳ ದೊಡ್ಡ ತಪ್ಪಾತ್ರಿ," ಎಂದ ನೀಲಕಂಠಪ್ಪ. "ನಿಮ್ಮನ್ನ ಗೊತ್ತಿಲ್ಲ ಅಂದೆ. ನಿಮ್ಮ ಮಾತೆಲ್ಲಾ ನನ್ನವು ಅಂತ ಮಾರಿಕೊಂಡೆ."

ಕೊರಗಪ್ಪ ಒರಳಿನಂಚಿಗೆ ಬಂದ ಹಿಟ್ಟನ್ನು ಒಳಗೆ ತಳ್ಳಿದ. "ಮಾತು ನನ್ನದೂ ಅಲ್ಲ ಸಾರ್. ನನಗೆ ಕಾವಲುಗಾರರು ಹೇಳಿದ್ದು, ನಿಮಗೆ ನಾನು ಹೇಳಿದ್ದು. ಅದರಲ್ಲಿ ಎಂತದೂ ಇಲ್ಲ." ಇನ್ನೊಂದು ಹಿಡಿ ಉದ್ದು ಹಾಕಿ, ತಲೆಯೆತ್ತದೆ ಹೇಳಿದ: "ಆ ಇನ್ನೊಂದು ಮಾತು ಉಂಟಲ್ಲ, ಅದು ಬೇಜಾರಾಯ್ತು. ಆಗ್ಲಿಲ್ಲ ಅಂತ ಹೇಗೆ ಹೇಳುದು?"

ನೀಲಕಂಠಪ್ಪ ಬಾಗಿಲಲ್ಲೇ ನಿಂತಿದ್ದ. ಕೊರಗಪ್ಪ ಎಂದೂ ಅವನನ್ನು ಸಾರ್ ಎಂದವನಲ್ಲ. ಹಾಗನ್ನಬೇಡಿ ಎಂದು ಕೇಳಿಕೊಳ್ಳುವ ಹಕ್ಕು ತನಗಿಲ್ಲವೆಂದು ಅವನಿಗೆ ಅನಿಸಿತು.

ಮಳೆಗಾಲ ಬಂದು ಹೋಯಿತು. ದಸರೆಯ ಮುಂಚೆ ಒಂದು ನಸುಕಿನಲ್ಲಿ ಮೆಟ್ಟಿಲಿಳಿದು ಬಂದರೆ ಕೊರಗಪ್ಪ ಹಿಂಬಾಗಿಲಲ್ಲಿ ನಿಂತಿದ್ದ. ಹೋಗುದಾ ಸಾರ್ ಎಂದ. ಇಬ್ಬರೂ ಟ್ರಾಮಿನ ಹಳಿ ಹಿಡಿದು ನಡೆದು ಗೋವಾಲಿಯಾ ಕೆರೆಯ ಮೈದಾನದ ತನಕ ಹೋದರು. ಕೊರಗಪ್ಪ ದಾರಿಯುದ್ದಕ್ಕೂ ಯಾವ ಕಟ್ಟಡದ ಕಥೆಯನ್ನೂ ಹೇಳಲಿಲ್ಲ. ನೀಲಕಂಠಪ್ಪ ಕೇಳಲೂ ಇಲ್ಲ. ಬೆಂಚಿನ ಮೇಲೆ ಕುಳಿತಾಗ ಅವನಿಗೆ ಹೊಳೆದದ್ದು ಬೇರೆಯೇ: ಮುಂಬಯಿಯ ಕಲ್ಲುಕಲ್ಲಿನ ವಿಷಯ ಈ ಮನುಷ್ಯನಿಂದ ಕೇಳಿದ್ದೇನೆ, ಈ ಮನುಷ್ಯನದೇ ಒಂದು ವಿಷಯವನ್ನೂ ಕೇಳಿಲ್ಲ.

"ಊರಾಗ ನಿಮ್ಮ ಮನ್ಯಾಗ ಯಾರ್ಯಾರು ಅದಾರ್ರಿ, ಕಾಕಾ?" ಎಂದು ಕೇಳಿದ.

ಕೊರಗಪ್ಪ ಬೆಂಚಿನ ಬುಡದ ಒಂದು ಹುಲ್ಲುಕಡ್ಡಿ ಕಿತ್ತುಕೊಂಡ. "ಮಗಳಿದ್ದಾಳೆ, ವಾರಿಜಾ ಅಂತ," ಎಂದ. "ಕಾಪುವಿನ ಹತ್ತಿರ. ನೋಡಿ ಒಂಬತ್ತು ವರ್ಷ ಆಯ್ತು." ಹಾಗೆಂದು, ಅವಳನ್ನು ಬಿಟ್ಟು ಬಂದ ದಿನದ ಮಾತನ್ನು ನಿಧಾನವಾಗಿ ತೆಗೆದ. ಮೈದಾನದ ಮೇಲೆ ಬಿಸಿಲು ಬಂತು. ನೀಲಕಂಠಪ್ಪನಿಗೆ ಆಫೀಸಿಗೆ ಹೊತ್ತಾಗುತ್ತಿತ್ತು. ಅವನು ಏಳಲಿಲ್ಲ.