ಮಂಕು ಮಿಂಚಿಗೆ ಅಪ್ಪ ಕಟ್ಟಿದ ಚೀಟಿ

ಫೆಬ್ರುವರಿ 8, ಶನಿವಾರ, ಬೆಳಿಗ್ಗೆ 7.40. ಹಿರೇಕೆರೂರಿನ ನಮ್ಮ ಗ್ಯಾಸ್ ಸ್ಟೋ ರಿಪೇರಿ ಅಂಗಡಿಯಲ್ಲಿ ನನ್ನ ಅಕ್ಕ ಶೈಲಾ ಸಾಯುವ ನಕ್ಷತ್ರಗಳ ಬಗ್ಗೆ ಭಾಷಣ ಶುರು ಮಾಡಿದಳು. ಕೇಳುಗರು: ಅಪ್ಪ, ನಾನು, ಹನ್ನೊಂದು ಸ್ಟೋ.

(ನಾನು ಎಲ್ಲವನ್ನೂ ಎಣಿಸಿ ಡೈರಿಗೆ ಬರೆಯುವವನು.)

ಅಕ್ಕ ಭೌತಶಾಸ್ತ್ರದಲ್ಲಿ ಎಂಎಸ್ಸಿ ಓದುತ್ತಿದ್ದಾಳೆ. ಸೋಮವಾರ ಹಾನಗಲ್ಲಿನಲ್ಲಿ ಸೆಮಿನಾರ್ ಸ್ಪರ್ಧೆ. ಮೊದಲು ಬಂದ ಒಬ್ಬರಿಗಷ್ಟೇ ದೊಡ್ಡ ದೂರದರ್ಶಕವಿರುವ ಕೇಂದ್ರದಲ್ಲಿ ಎರಡು ತಿಂಗಳ ತರಬೇತಿ. ಅಕ್ಕನಿಗೆ ಬೇಕಿದ್ದುದು ಅದೊಂದೇ.

ಅವಳ ವಿಷಯ ಇದು. ಭಾರೀ ನಕ್ಷತ್ರವೊಂದು ಕುಸಿದು ಸಿಡಿದರೆ ಸೂಪರ್‌ನೋವಾ. ಕೆಲವೊಮ್ಮೆ ಅದರ ಜೊತೆ ಗಾಮಾ ಕಿರಣಗಳ ಮಿಂಚೂ ಹೊಮ್ಮುತ್ತದೆ. ಅಂಥ ಕೆಲವು ಮಿಂಚುಗಳು ವಿಪರೀತ ಮಂಕು. ದೂರ ಇವೆ ಅಂತಲೇ? ಅಲ್ಲ, ಉಳಿದವಕ್ಕಿಂತ ಇವೇ ನಮಗೆ ಹತ್ತಿರ! ಮತ್ತೆ ಮಂಕೇಕೆ?

ಅಕ್ಕ ಮೂರು ಕಾರಣ ಹೇಳಿದಳು. ನಕ್ಷತ್ರದ ಒಳಗಿಂದ ಚಿಮ್ಮಿ ಮಿಂಚು ಹೊಮ್ಮಿಸುವ ಕಿರಿದಾದ ಧಾರೆ ಜೋರಾಗಿಯೇ ಇದೆ, ನಾವು ಓರೆಯಿಂದ ನೋಡುತ್ತಿದ್ದೇವೆ. ಅಥವಾ ಧಾರೆ ನಕ್ಷತ್ರದ ಹೊದಿಕೆಯೊಳಗೇ ಸಿಕ್ಕಿಬಿದ್ದು, ಅದರ ಆಘಾತವಷ್ಟೇ ಹೊರಬಂದಿದೆ. ಅಥವಾ ಧಾರೆಯನ್ನು ತಳ್ಳುವ ಒಳಗಿನ ಎಂಜಿನ್ನೇ ಬಡಕಲು. ಕೊನೆಯ ಸ್ಲೈಡಿನಲ್ಲಿ ಎರಡನೆಯದೇ ಸರಿ ಎಂದು ತೀರ್ಪು ಕೊಟ್ಟಿದ್ದಳು.

ಅಪ್ಪ ಸ್ಕ್ರೂಡ್ರೈವರ್ ಕೆಳಗಿಟ್ಟರು.

“ಅಲ್ಲ ಶೈಲವ್ವಾ, ಎರಡನೇದ ಖರೆ ಅಂತ ಹೆಂಗ ಹೇಳ್ತಿ? ಬಿಚ್ಚಿ ನೋಡೀಯೇನು?”

“ನಕ್ಷತ್ರ ಬಿಚ್ಚಾಕ ಬರ್ತೈತೇನಪ್ಪಾ?”

“ಬರೂದಿಲ್ಲಂದ್ರ ಹಂಗ್ಯಾಕ ಬರದಿ? ಉರಿ ಸಣ್ಣ ಆಗೇತಿ ಅಂತ ಸ್ಟೋ ತಂದವ್ರಿಗೆ ನಾ ಬಾಯಿಗೆ ಬಂದದ್ದ ಹೇಳಿದ್ರ ಬಿಡ್ತಾರೇನು?”

“ಗೊತ್ತಿಲ್ಲ ಅಂದ್ರ ಮಾರ್ಕ್ಸ್ ಯಾರ್ ಕೊಡ್ತಾರ?”

ಅಪ್ಪ ಮೂಲೆಯ ಸ್ಟೋ ತೋರಿಸಿದರು. ನಮ್ಮಲ್ಲಿ ಪ್ರತಿ ಸ್ಟೋಗೂ ದೋಷದ ಕಾರಣ ಬರೆದ ಚೀಟಿ ಕಟ್ಟುತ್ತಾರೆ. ಕಾರಣ ಸಿಗದಿದ್ದರೆ ‘ಇನ್ನೂ ನೋಡಬೇಕು’ ಎಂದು ಬರೆದು, ಮುಂದೆ ಏನು ನೋಡಬೇಕು ಎಂಬುದನ್ನೂ ಕೆಳಗೆ ಬರೆಯುತ್ತಾರೆ. ಅಂದು ಅಂಥ ಚೀಟಿ ಎರಡಿದ್ದವು.

ಅಕ್ಕ ಮುನಿಸಿಕೊಂಡಳು. ಚಹಾ ಆರಿಹೋಯಿತು. 9.15ಕ್ಕೆ ಮತ್ತೆ ಲ್ಯಾಪ್‌ಟಾಪ್ ತೆರೆದಳು.

ಸೋಮವಾರ ಹಾನಗಲ್ಲಿನಲ್ಲಿ ನಾನು ಮೂರನೇ ಸಾಲಿನಲ್ಲಿದ್ದೆ. ಕೊನೆಯ ಸ್ಲೈಡ್ ಬಂತು: ‘ಇನ್ನೂ ನೋಡಬೇಕು’. ಕೆಳಗೆ, ಏನನ್ನು? ನಾವು ಓರೆಯಿಂದ ನೋಡಿದ್ದೇ ನಿಜವಾದರೆ, ಧಾರೆಯ ವೇಗ ತಗ್ಗಿ ಅದು ನಮ್ಮತ್ತಲೂ ಹರಡಿದ ಮೇಲೆ ರೇಡಿಯೋ ಅಲೆಗಳು ಜೋರಾಗಿ ಕಾಣಬೇಕು. ಹಲವು ಮಿಂಚುಗಳಲ್ಲಿ ಹುಡುಕಿದರೂ ಅದು ಕಂಡಿಲ್ಲ. ಅಂದರೆ ಅಲ್ಲೆಲ್ಲ ಮೊದಲ ಕಾರಣಕ್ಕೆ ಬಲವಿಲ್ಲ. ಉಳಿದೆರಡರ ಜಗಳ ಮುಗಿದಿಲ್ಲ; ಹೊದಿಕೆ ಸೀಳಿ ಬಂದ ಆಘಾತದ ಗುರುತು ಸಿಡಿದ ಕೂಡಲೇ ಬರುವ ಎಕ್ಸ್-ಕಿರಣಗಳಲ್ಲಿದೆಯೇ ಎಂದು ನೋಡಬೇಕು.

ತೀರ್ಪುಗಾರರು ಕನ್ನಡಕ ತೆಗೆದರು. “ಹಂಗಾರ ನಿನಗ ಉತ್ತರ ಗೊತ್ತಿಲ್ಲೇನವಾ?”

“ಇಲ್ರಿ ಸರ್. ಆದ್ರ ಎಲ್ಲಿ ಹುಡುಕಬೇಕಂತ ಗೊತ್ತೈತ್ರಿ.”

ಎಂಟು ಜನರಲ್ಲಿ ಅಕ್ಕ ಎರಡನೆಯವಳಾದಳು. ತರಬೇತಿ ಶಿಗ್ಗಾವಿಯ ಹುಡುಗಿಗೆ ಹೋಯಿತು. ವಾಪಸ್ ಬಸ್ಸಿನಲ್ಲಿ ಅಕ್ಕ ಕೊನೆಯ ಸ್ಲೈಡ್ ತೆರೆದು ನೋಡಿದ್ದು: ಆರು ಸಲ.

ಅಂಗಡಿಗೆ ಬಂದಾಗ ಅಪ್ಪ ಕೇಳಿದ್ದು ಒಂದೇ. “ಕಡೀಕ ಏನ್ ಬರದಿ?”

ಅಕ್ಕ ಹೇಳಿದಳು. ಅಪ್ಪ ಹೊಸ ಚೀಟಿ ಹರಿದು, ಬರೆದು, ಗಲ್ಲಾಪೆಟ್ಟಿಗೆಯ ಮೇಲಿನ ಮೊಳೆಗೆ ಕಟ್ಟಿದರು: ‘ಮಂಕು ಮಿಂಚು. ಶೈಲಾ. ಇನ್ನೂ ನೋಡಬೇಕು.’

ಏನಿದು ಎಂದು ಕೇಳಿದ ಗಿರಾಕಿಗಳಿಗೆಲ್ಲ ಅಪ್ಪ ಮೂರೂ ಕಾರಣ ವಿವರಿಸುತ್ತಾರೆ, “ನನ್ನ ಮಗಳು ನೋಡಾಕತ್ತಾಳ್ರಿ” ಎಂದು ಮುಗಿಸುತ್ತಾರೆ. (ಇವತ್ತಿಗೆ ಇಪ್ಪತ್ಮೂರು ಸಲ. ಹಿಂದೆ ನಿಂತ ಅಕ್ಕ ನಕ್ಕಿದ್ದು ಹತ್ತೊಂಬತ್ತು.)

ಇದರ ಬಗ್ಗೆ ಹೆಚ್ಚು ತಿಳಿದವರು ದಯವಿಟ್ಟು ಬರೆದು ಕಳಿಸಿ. ಚೀಟಿ ಬಿಚ್ಚುವ ಹಕ್ಕು ಮಾತ್ರ ಅಕ್ಕನದು.